ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಫೋನಿನಲ್ಲಿ 1907ರ ಅಮೆರಿಕದ ಇಪ್ಪತ್ತು ಡಾಲರ್ ನಾಣ್ಯದ ಫೋಟೋ ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ. ಸ್ವಾತಂತ್ರ್ಯದೇವಿ ನಮ್ಮ ಕಡೆಗೇ ನಡೆದು ಬರುತ್ತಿದ್ದಾಳೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ಆಲಿವ್ ಕೊಂಬೆ. ಗಾಳಿಗೆ ಕೂದಲು ಹಾರುತ್ತಿದೆ, ಬಟ್ಟೆಯ ನೆರಿಗೆ ಕಾಲಿಗೆ ಅಂಟಿದೆ. ಎಡಗಡೆ ಕೆಳಗೆ ಅಮೆರಿಕದ ಸಂಸತ್ತು ಸೇರುವ ಕ್ಯಾಪಿಟಲ್ ಕಟ್ಟಡದ ಪುಟ್ಟ ಗುಮ್ಮಟ. ಬರೀ 34 ಮಿಲಿಮೀಟರ್ ಅಗಲದಲ್ಲಿ ಇಷ್ಟೆಲ್ಲ!

ಮಾಡಿದವರು ಶಿಲ್ಪಿ ಆಗಸ್ಟಸ್ ಸೇಂಟ್-ಗಾಡೆನ್ಸ್. ಮಾಡಿಸಿದವರು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್. ಹಳೇ ಗ್ರೀಕ್ ನಾಣ್ಯಗಳ ಹಾಗೆ ಚಿತ್ರ ಎದ್ದು ನಿಲ್ಲಬೇಕು ಅಂತ ಇಬ್ಬರಿಗೂ ಆಸೆ. ಆದರೆ ಮೊದಲ ಮಾದರಿಗಳಿಗೆ ಒಂದೊಂದಕ್ಕೂ ಒಂಬತ್ತು ಸಲದವರೆಗೆ ಅಚ್ಚು ಒತ್ತಬೇಕಾಯಿತು. ಟಂಕಸಾಲೆಯಲ್ಲಿ ಲಕ್ಷಗಟ್ಟಲೆ ನಾಣ್ಯ ಹೊಡೆಯಲು ಅದು ಆಗದ ಮಾತು. ಬ್ಯಾಂಕಿನಲ್ಲಿ ಒಂದರ ಮೇಲೊಂದು ಪೇರಿಸುವುದಕ್ಕೂ ನಾಣ್ಯ ಸಮತಟ್ಟಾಗಿರಬೇಕು ಅಲ್ವಾ? ಕೊನೆಗೆ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಚಿತ್ರದ ಉಬ್ಬು ತಗ್ಗಿಸಿದರು. ತಗ್ಗಿಸಿದ್ದೂ ಚೆನ್ನಾಗಿಯೇ ಇದೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಮೊದಲನೆಯದರಲ್ಲಿ ಅವಳು ಉಸಿರಾಡುತ್ತಿದ್ದಾಳೆ ಅನಿಸುತ್ತದೆ.

ನನ್ನ ಮನಸ್ಸು ನಿಂತಿದ್ದು ಇನ್ನೊಂದು ಕಡೆ. ಕ್ಯಾನ್ಸರ್ ಇದ್ದರೂ ಸೇಂಟ್-ಗಾಡೆನ್ಸ್ ಈ ಕೆಲಸ ಬಿಡಲಿಲ್ಲ. ಕೈ ಸೋತಾಗ ಸಹಾಯಕರು ಮುಂದುವರಿಸಿದರು. ಸೇಂಟ್-ಗಾಡೆನ್ಸ್ ತೀರಿಕೊಂಡಿದ್ದು 1907ರ ಆಗಸ್ಟ್‌ನಲ್ಲಿ. ನಾಣ್ಯ ಜನರ ಕೈಗೆ ಬಂದಿದ್ದು ಅದೇ ವರ್ಷದ ಕೊನೆಗೆ. ಅಂಗಡಿಯಲ್ಲಿ ಯಾರೋ ಅದನ್ನು ಎಣಿಸಿ ಕೊಡುವುದನ್ನು ಅವರು ನೋಡಲೇ ಇಲ್ಲ. ಅದನ್ನೇ ಯೋಚಿಸುತ್ತಾ ತುಂಬಾ ಹೊತ್ತು ಎಚ್ಚರವಾಗಿಯೇ ಇದ್ದೆ.