ಅದ್ರಲ್ಲಿ ಎಂತ ಉಳೀತದೆ ಮಾರಾಯ್ರೇ?

ಕಾಸರಗೋಡಿನ ಕುಂಬಳೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಹೋಳಿಗೆ ಬರುವವರೆಗೆ ಸುಮ್ಮನಿದ್ದರು. ಹೋಳಿಗೆಗೆ ಕಾಯಿಹಾಲು ಬಿದ್ದ ಮೇಲೆ ಕೇಳಿಯೇ ಬಿಟ್ಟರು. "ನೀರ್ಚಾಲಿನ ಹತ್ತಿರ ಬಾಕ್ಸಿಂಗ್ ಕಲಿಸುವವರು ನೀವೇ ಅಲ್ವಾ? ಅದ್ರಲ್ಲಿ ಎಂತ ಉಳೀತದೆ ಮಾರಾಯ್ರೇ?"

ಎಂಟು ವರ್ಷದಿಂದ ಇದೇ ಪ್ರಶ್ನೆ. ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ. ಕೆಲವರು ಕುತೂಹಲಕ್ಕೆ ಕೇಳುತ್ತಾರೆ. ಇನ್ನು ಕೆಲವರು ಗಲ್ಫ್‌ನಿಂದ ವಾಪಸ್ ಬಂದು, ಕೈಯಲ್ಲಿ ಒಂದಿಷ್ಟು ದುಡ್ಡಿಟ್ಟುಕೊಂಡು, ತಾವೂ ಒಂದು ಜಿಮ್ ಹಾಕೋಣ ಅಂತ ಕೇಳುತ್ತಾರೆ. ಅವರಿಗಾಗಿ ಲೆಕ್ಕ ಬಿಚ್ಚಿಡುತ್ತೇನೆ. ಹಗಲು ಹೊತ್ತು ಅಡಿಕೆ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುವುದೇ ನನ್ನ ಕೆಲಸ. ಹಾಗಾಗಿ ಲೆಕ್ಕದಲ್ಲಿ ನಾಚಿಕೆ ಇಲ್ಲ.

ಒಳ್ಳೆಯ ತಿಂಗಳು ಅಂದರೆ ನವೆಂಬರ್ ಅಥವಾ ಡಿಸೆಂಬರ್. ಬೆಳಗ್ಗಿನ ಹೆಂಗಸರ ಬ್ಯಾಚಿನಲ್ಲಿ 14 ಜನ, ಒಬ್ಬರಿಗೆ 800 ರೂಪಾಯಿ. ಸಂಜೆ ದೊಡ್ಡವರು 9 ಜನ, ಅವರಿಗೂ 800. ಶಾಲೆ ಕಾಲೇಜಿನ ಮಕ್ಕಳು 18, ಅದರಲ್ಲಿ 11 ಮಂದಿ 400 ಕೊಡುತ್ತಾರೆ, ಉಳಿದ ಏಳು ಮಂದಿ ಕೊಡುವುದಿಲ್ಲ, ನಾನು ಕೇಳುವುದೂ ಇಲ್ಲ. ಒಟ್ಟು 22,800. ಬಾಡಿಗೆ 7,000. ಕರೆಂಟು 1,400. ಸಹಾಯಕ್ಕೆ ಬರುವ ಹಳೆಯ ವಿದ್ಯಾರ್ಥಿಗೆ 3,000. ಗ್ಲೌಸ್, ಟೇಪು, ರಿಪೇರಿ 2,500. ಮಕ್ಕಳನ್ನು ಸ್ಪರ್ಧೆಗೆ ಕರೆದುಕೊಂಡು ಹೋಗುವ ಬಸ್ಸು, ಊಟ ಸರಾಸರಿ 2,500. ಉಳಿಯುವುದು 6,400.

ಜುಲೈಯಲ್ಲಿ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ಬರುವುದು ಹತ್ತು ಸಾವಿರ, ಹೋಗುವುದು ಹದಿನಾರು. ನವೆಂಬರಿನಲ್ಲಿ ಉಳಿದದ್ದನ್ನು ಜುಲೈ ಬಂದು ತಿಂದು ಹೋಗುತ್ತದೆ. ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಮಕ್ಕಳು ಮಾಯ. ರಂಜಾನ್ ತಿಂಗಳಲ್ಲಿ ಅರ್ಧ ಜನ ರಾತ್ರಿ ನಮಾಜ್ ಮುಗಿಸಿ ಹತ್ತು ಗಂಟೆಗೆ ಬರುತ್ತಾರೆ, ನಾನೂ ಹನ್ನೊಂದೂವರೆವರೆಗೆ ಲೈಟು ಹಾಕಿ ಕೂತಿರುತ್ತೇನೆ. ಆ ತಿಂಗಳು ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ನನ್ನ ವರ್ಷದ ಲೆಕ್ಕವೂ ಸರಿಯುತ್ತಲೇ ಇರುತ್ತದೆ.

ಅಂದರೆ ಉತ್ತರ: ದುಡ್ಡಿನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಆದರೆ ಜಿಮ್ ಉಳಿದಿದೆ, ಸಾಲವಿಲ್ಲದೆ. ಅದು ಹೇಗೆ ಅಂತ ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕಾಗಿರುವುದು ಅದನ್ನೇ.

ಮೊದಲನೆಯದಾಗಿ, ನಮ್ಮಲ್ಲಿ ರಿಂಗ್ ಇಲ್ಲ. ಗಲ್ಫ್ ಹುಡುಗರು ಇಲ್ಲೇ ಎಡವುವುದು. ಅವರ ಕನಸಿನಲ್ಲಿ ಮೊದಲು ಕಾಣುವುದೇ ರಿಂಗ್. ಸ್ಪರ್ಧೆಯ ರಿಂಗ್ ಅಂದರೆ ಹಗ್ಗದ ಒಳಗೇ 6.1 ಮೀಟರ್ ಚೌಕ, ನಾಲ್ಕು ಸಾಲು ಹಗ್ಗ, ಅದರ ಹೊರಗೆ ಮತ್ತೆ ಅಂಚಿನ ಜಾಗ. ಅದನ್ನು ಇಟ್ಟರೆ ನಮ್ಮ ಜಿಮ್ ಇರುವ ಗೋದಾಮಿನಲ್ಲಿ ಬೇರೆ ಏನೂ ಹಿಡಿಯುವುದಿಲ್ಲ. ರಿಂಗಿನಲ್ಲಿ ಒಂದು ಹೊತ್ತಿಗೆ ಇಬ್ಬರೇ ಇರಬಹುದು. ಫೀಸು ಕೊಡುವ ಉಳಿದ ಹನ್ನೆರಡು ಜನ ಎಲ್ಲಿ ನಿಲ್ಲಬೇಕು? ನಾನು ನೆಲದಲ್ಲಿ ಐದು ಮೀಟರಿನ ಚೌಕ ಬಣ್ಣ ಬಳಿದೆ. ಮೂಲೆಗೆ ಕಂಬ, ಕಂಬಕ್ಕೆ ಬಟ್ಟೆ ಸುತ್ತಿದ ಹಗ್ಗ. ಆ ಚೌಕದೊಳಗೆ ಮಾತ್ರ ಮ್ಯಾಟ್ ಎರಡು ಪದರ. ಅದರಲ್ಲಿ ಜುಗ್ಗತನ ಮಾಡಬಾರದು. ಬಾಕ್ಸಿಂಗ್‌ನಲ್ಲಿ ತಲೆಗೆ ಬೀಳುವ ಏಟಿನಷ್ಟೇ ಅಪಾಯ, ಬಿದ್ದವನ ತಲೆ ಸಿಮೆಂಟಿಗೆ ತಾಗುವುದು.

ಶುರುವಿನ ಖರ್ಚು: ಅಡ್ವಾನ್ಸ್ 40,000, ಬ್ಯಾಗ್ ನೇತುಹಾಕುವ ಕಬ್ಬಿಣದ ಫ್ರೇಮ್ 38,000, ಗುದ್ದುವ ಬ್ಯಾಗ್ ಐದಕ್ಕೆ 17,500, ಮ್ಯಾಟ್ 22,000, ಗ್ಲೌಸ್, ಪ್ಯಾಡ್, ಹೆಡ್‌ಗಾರ್ಡ್ 24,000. ಒಟ್ಟು 1,41,500. ಆಮೇಲೆ ನನ್ನ ತಪ್ಪುಗಳ ಖರ್ಚು ಬೇರೆ.

ಮೊದಲ ತಪ್ಪು ಗೋಡೆ. ನಮ್ಮದು ಹಳೆಯ ಅಡಿಕೆ ಗೋದಾಮು, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಗೋಡೆ. ಫ್ರೇಮ್ ಯಾಕೆ, ಗೋಡೆಗೇ ಬ್ರಾಕೆಟ್ ಹೊಡೆದರೆ ದುಡ್ಡು ಉಳಿಯುತ್ತದೆ ಅಂತ ಬುದ್ಧಿವಂತಿಕೆ ಮಾಡಿದೆ. ಮುರಕಲ್ಲು ಭಾರ ಹೊರುತ್ತದೆ, ಎಳೆತ ತಡೆಯುವುದಿಲ್ಲ. ಮೂವತ್ತು ಕಿಲೋ ಬ್ಯಾಗು ನೇತಾಡುತ್ತಾ ದಿನಕ್ಕೆ ಸಾವಿರ ಸಲ ಜಗ್ಗಿದರೆ ಬೋಲ್ಟಿನ ಸುತ್ತಲಿನ ಕಲ್ಲು ಪುಡಿಯಾಗುತ್ತದೆ. ಮೂರನೇ ವಾರ ಬ್ಯಾಗು, ಬ್ರಾಕೆಟ್, ಅರ್ಧ ಕಲ್ಲು ಎಲ್ಲ ಒಟ್ಟಿಗೆ ಕೆಳಗೆ ಬಂತು. ದೇವರು ದೊಡ್ಡವನು, ಹುಡುಗ ನೀರು ಕುಡಿಯಲು ಹೋಗಿದ್ದ. ಮರುದಿನವೇ ಫ್ರೇಮಿಗೆ ಹೇಳಿದೆ.

ಎರಡನೆಯದು ಬ್ಯಾಗಿನ ಒಳಗೆ ತುಂಬುವ ಸಾಮಾನು. ಮೀರತ್‌ನಿಂದಲೋ ಜಲಂಧರ್‌ನಿಂದಲೋ ಖಾಲಿ ಬ್ಯಾಗು ತರಿಸಿ ನಾವೇ ತುಂಬಿದರೆ ಪಾರ್ಸೆಲ್ ಖರ್ಚು ಕಡಿಮೆ. ಮೊದಲು ಮರಳು ತುಂಬಿದೆ. ಹದಿನೈದು ದಿನದಲ್ಲಿ ಮರಳೆಲ್ಲ ಕೆಳಗಿಳಿದು ತಳ ಬಂಡೆಯಂತಾಯಿತು, ಮೇಲ್ಭಾಗ ಜೋತುಬಿತ್ತು. ಒಬ್ಬಳ ಮಣಿಕಟ್ಟು ಉಳುಕಿತು. ಆಮೇಲೆ ಅಡಿಕೆ ಸಿಪ್ಪೆ ತುಂಬಿದೆ, ಊರಲ್ಲಿ ಪುಕ್ಕಟೆ ಸಿಗುತ್ತದಲ್ಲ! ಮೇ ತಿಂಗಳವರೆಗೆ ಅಷ್ಟು ಒಳ್ಳೆಯ ಬ್ಯಾಗು ಮಂಗಳೂರಿನಲ್ಲೂ ಇರಲಿಕ್ಕಿಲ್ಲ. ಜೂನಿನಲ್ಲಿ ಅದು ಕೊಳೆಯಲು ಶುರುವಾಯಿತು. ಹೊಡೆದಾಗಲೆಲ್ಲ ಸಣ್ಣ ಹುಳ ಹಾರುತ್ತಿದ್ದವು. ಈಗ ಬದಿಯಡ್ಕದ ದರ್ಜಿ ಅಂಗಡಿಗಳ ಚೂರು ಬಟ್ಟೆ. ಗುಂಡಿ, ಹುಕ್ಕು, ಜಿಪ್ಪು ಎಲ್ಲ ಆರಿಸಿ ತೆಗೆದು, ಪದರ ಪದರವಾಗಿ ಒತ್ತಿ ತುಂಬಬೇಕು. ಒಂದು ಬ್ಯಾಗಿಗೆ ಇಬ್ಬರು ಕೂತರೆ ಒಂದು ಭಾನುವಾರ.

ಆದರೆ ನಿಜವಾದ ಎದುರಾಳಿ ಮಳೆ. ಬಾಕ್ಸಿಂಗ್ ಬಗ್ಗೆ ಬರೆಯುವ ಯಾರೂ ಇದನ್ನು ಹೇಳುವುದಿಲ್ಲ, ಯಾಕೆಂದರೆ ಅವರು ಕಾಸರಗೋಡಿನಲ್ಲಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಏನೂ ಒಣಗುವುದಿಲ್ಲ. ಗ್ಲೌಸಿನ ಒಳಗೆ ಹನ್ನೆರಡು ಜನರ ಬೆವರು. ಚರ್ಮದ ಗ್ಲೌಸ್ ಮೂರು ದಿನ ಬಿಟ್ಟರೆ ಬೂಷ್ಟಿನ ಬಿಳಿ ಅಂಗಿ ತೊಡುತ್ತದೆ. ವಾಸನೆಯ ಬಗ್ಗೆ ಹೇಳುವುದೇ ಬೇಡ. ಮೊದಲ ಮಳೆಗಾಲದಲ್ಲಿ ಎಂಟು ಜೊತೆ ಎಸೆದೆ. ಈಗ ಮಕ್ಕಳಿಗೆ ರೆಕ್ಸಿನ್ನಿನ ಗ್ಲೌಸೇ ಕೊಡುವುದು. ಅದು ಬೇಗ ಬಿರುಕು ಬಿಡುತ್ತದೆ ನಿಜ, ಬೂಷ್ಟು ಬಂದರೆ ಒರೆಸಿಬಿಡಬಹುದು. ಕೈಗೆ ಸುತ್ತುವ ಪಟ್ಟಿ ಮಾತ್ರ ಅವರವರದ್ದೇ. ನಾಲ್ಕೂವರೆ ಮೀಟರ್ ಉದ್ದದ ಪಟ್ಟಿ, ದಿನಾ ಒಗೆಯಲೇಬೇಕು. ಧಣಿಗಳ ಅಡಿಕೆ ಒಣಗಿಸುವ ಸೋಲಾರ್ ಗೂಡು ಮಳೆಗಾಲದಲ್ಲಿ ಖಾಲಿ ಇರುತ್ತದೆ. ಬಿಸಿಲು ಸ್ವಲ್ಪ ಇಣುಕಿದರೂ ಪಟ್ಟಿಗಳೆಲ್ಲ ಅಲ್ಲಿ ತೋರಣ. ಗ್ಲೌಸಿಗೆ ಹಳೆಯ ಮರದ ಕಪಾಟು, ಒಳಗೆ ಅರವತ್ತು ವಾಟಿನ ಹಳೆ ಕಾಲದ ಬಲ್ಬು. ಎಲ್‌ಇಡಿ ಆಗುವುದಿಲ್ಲ, ಅದಕ್ಕೆ ಬಿಸಿಯೇ ಇಲ್ಲ. ಆ ಬಲ್ಬು ಹುಡುಕಲು ಒಮ್ಮೆ ಉಪ್ಪಳದವರೆಗೆ ಹೋಗಿದ್ದೇನೆ.

ಇನ್ನು ಲೈಸೆನ್ಸ್. ಪಂಚಾಯತಿನದ್ದು ಬೇಕು ಅಂತ ಎಲ್ಲರಿಗೂ ಗೊತ್ತು. ಕೇರಳದಲ್ಲಿ ಜಿಮ್‌ಗಳಿಗೆ 1963ರ ಸಾರ್ವಜನಿಕ ಮನರಂಜನಾ ಸ್ಥಳಗಳ ಕಾನೂನಿನಡಿಯೂ ಲೈಸೆನ್ಸ್ ಬೇಕು ಅಂತ 2022ರಲ್ಲಿ ಹೈಕೋರ್ಟ್ ಹೇಳಿದೆ. ನಾನು ಹೋದ ಕಚೇರಿಯಲ್ಲಿ ಕನ್ನಡದ ಅರ್ಜಿ ಕೇಳಿದೆ, ಮುಗಿದಿದೆ ಅಂದರು. ಅದು ಯಾವತ್ತೂ ಮುಗಿದೇ ಇರುತ್ತದೆ. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಮಲಯಾಳದಲ್ಲಿ ತುಂಬಿಸಿ ಕೊಟ್ಟಳು. ಆ ತಿಂಗಳು ಅವಳ ಫೀಸು ಮಾಫಿ.

ಈಗ ಜನರ ವಿಷಯ. ಬಾಕ್ಸಿಂಗ್ ಜಿಮ್ ನಡೆಯುವುದು ಬಾಕ್ಸರ್‌ಗಳಿಂದ ಅಲ್ಲ. ಸ್ಪರ್ಧೆಗೆ ಹೋಗುವ ಐದಾರು ಮಕ್ಕಳೇ ಫೀಸು ಕೊಡಲಾಗದವರು. ಬಾಡಿಗೆ ಕಟ್ಟುವುದು ಬೆಳಗ್ಗೆ ಆರಕ್ಕೆ ಬರುವ ಹೆಂಗಸರು. ಶುಗರು, ಬಿಪಿ, ಸೊಂಟನೋವು ಅಂತ ಬಂದವರು. ಅವರು ಯಾರ ಹತ್ತಿರವೂ ಏಟು ತಿನ್ನುವುದಿಲ್ಲ, ಯಾರಿಗೂ ಹೊಡೆಯುವುದಿಲ್ಲ. ಬ್ಯಾಗಿಗೆ ಮಾತ್ರ ಹೊಡೆಯುತ್ತಾರೆ, ಎಷ್ಟು ಜೋರಾಗಿ ಅಂದರೆ ಯಾರ ಮುಖ ನೆನೆಸಿಕೊಂಡಿದ್ದಾರೆ ಅಂತ ನಾನು ಕೇಳುವುದಿಲ್ಲ. ಅದರಲ್ಲಿ ಒಬ್ಬರಿಗೆ 38. ಹಿರಿಯರ ವಿಭಾಗದಲ್ಲಿ 19ರಿಂದ 40 ವಯಸ್ಸಿನವರೆಗೆ ಸ್ಪರ್ಧಿಸಬಹುದು ಅಂತ ಒಮ್ಮೆ ಬಾಯಿತಪ್ಪಿ ಹೇಳಿದೆ. "ಹಾಗಾದ್ರೆ ನನಗಿನ್ನೂ ಎರಡು ವರ್ಷ ಉಂಟು" ಅಂತ ಪ್ರತಿ ಸೋಮವಾರ ನೆನಪಿಸುತ್ತಾರೆ.

ಹೊಸಬರು ಜಿಮ್ ಹಾಕಿದರೆ ಮೊದಲ ದಿನದಿಂದಲೇ ಈ ಬ್ಯಾಚ್ ಶುರು ಮಾಡಿ. ನಾನು ಎರಡು ವರ್ಷ ತಡ ಮಾಡಿದೆ, 'ಅಸಲಿ ಬಾಕ್ಸಿಂಗ್' ಅನ್ನುವ ಜಂಬದಲ್ಲಿ. ಆ ಎರಡು ವರ್ಷ ಬಾಡಿಗೆ ಕಟ್ಟಿದ್ದು ನನ್ನ ಹೆಂಡತಿಯ ಹೊಲಿಗೆ ಯಂತ್ರ.

ಹೆಣ್ಣುಮಕ್ಕಳ ಮನೆಯವರಿಗೆ ನಾನು ಹೇಳುವುದು ಒಂದೇ ಹೆಸರು. ಪಕ್ಕದ ಕಣ್ಣೂರು ಜಿಲ್ಲೆಯ ಕೆ.ಸಿ. ಲೇಖಾ 2006ರಲ್ಲಿ ದೆಹಲಿಯಲ್ಲಿ 75 ಕಿಲೋ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. ಮಹಿಳೆಯರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ 2012ರಲ್ಲಿ, ಅದಕ್ಕೂ ಆರು ವರ್ಷ ಮೊದಲಿನ ಮಾತು ಇದು. ಮೇರಿ ಕೋಮ್ ಎಲ್ಲರಿಗೂ ಗೊತ್ತು, ರೈಲಿನಲ್ಲಿ ಎರಡು ತಾಸಿನ ದೂರದವರು ಗೊತ್ತಿಲ್ಲ. ಅಪ್ಪಂದಿರು ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳುತ್ತಾರೆ: "ಗ್ರೇಸ್ ಮಾರ್ಕ್ ಸಿಗ್ತದಾ?" ಸಿಗುತ್ತದೆ, ಆದರೆ ಸುಮ್ಮನೆ ಜಿಮ್‌ಗೆ ಬಂದರೆ ಅಲ್ಲ.

ನಾನು ಕಳೆದುಕೊಂಡ ಜನವೂ ಇದ್ದಾರೆ. ಬೈಕಿನಲ್ಲಿ ಐದು ಜನ ಹುಡುಗರು ಒಟ್ಟಿಗೆ ಬರುತ್ತಾರೆ, ಮೊಬೈಲಿನಲ್ಲಿ ರೀಲ್ಸ್ ನೋಡಿ. ಮೊದಲ ದಿನವೇ ಒಬ್ಬರನ್ನೊಬ್ಬರು ಬಡಿಯಬೇಕು. ನಮ್ಮಲ್ಲಿ ಮೂರು ತಿಂಗಳು ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಆಮೇಲೆ ಹೊಟ್ಟೆ, ಪಕ್ಕೆಗೆ ಮಾತ್ರ. ತಲೆ ಅದಕ್ಕೂ ಆಮೇಲೆ, 16 ಔನ್ಸಿನ ದಪ್ಪ ಗ್ಲೌಸಿನಲ್ಲಿ, ನಾನು ನಿಂತು ನೋಡುತ್ತಿರುವಾಗ. "ಹೆಡ್‌ಗಾರ್ಡ್ ಉಂಟಲ್ಲ ಸಾರ್" ಅನ್ನುತ್ತಾರೆ. ಹೆಡ್‌ಗಾರ್ಡ್ ಹುಬ್ಬು ಒಡೆಯುವುದನ್ನು ತಡೆಯುತ್ತದೆ, ಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಒಬ್ಬನಿಗೆ ಏಟು ಬಿದ್ದು ಕಣ್ಣು ಮಂಜಾದರೆ ಅವನಿಗೆ ಒಂದು ತಿಂಗಳು ಸ್ಪಾರಿಂಗ್ (ಎದುರಾಳಿಯ ಜೊತೆಗಿನ ಅಭ್ಯಾಸ) ಇಲ್ಲ, ನಾಳೆಯೇ ಸ್ಪರ್ಧೆ ಇದ್ದರೂ ಇಲ್ಲ. ಈ ನಿಯಮದಿಂದ ಹೋದ ಫೀಸು ಲೆಕ್ಕ ಹಾಕಿದರೆ ಜುಲೈ ತಿಂಗಳುಗಳೆಲ್ಲ ದಾಟಬಹುದಿತ್ತು. ಆದರೆ ಒಂದು ಮಗುವಿಗೆ ಏನಾದರೂ ಆದರೆ ಈ ಸಣ್ಣ ಊರಲ್ಲಿ ಜಿಮ್ ಮಾತ್ರ ಅಲ್ಲ, ನಾನೂ ಮುಗಿದೆ.

ಭಾಷೆಯದ್ದು ಬೇರೆಯೇ ಕಥೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಅದನ್ನು ನೋಡಬೇಕಿದ್ದರೆ ಸಂಜೆ ಐದೂವರೆಗೆ ಬನ್ನಿ. ಏಟುಗಳನ್ನು ನಾವು ನಂಬರಿನಲ್ಲೇ ಕೂಗುವುದು: ಒಂದು ಅಂದರೆ ಜ್ಯಾಬ್, ಎರಡು ಕ್ರಾಸ್, ಮೂರು ಹುಕ್. ನಾನು ಒಂದು, ಎರಡು ಅನ್ನುತ್ತೇನೆ. ಸಹಾಯಕ ಮಲಯಾಳದಲ್ಲಿ ಒನ್ನ್, ರಂಡ್ ಅನ್ನುತ್ತಾನೆ. ಮಕ್ಕಳು ತಮ್ಮತಮ್ಮಲ್ಲಿ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ. ಯಾರಿಗೂ ಗೊಂದಲವಿಲ್ಲ. ಕುಂಬಳೆ ಕಡೆಯಿಂದ ಬರುವ ಒಬ್ಬ ಯಕ್ಷಗಾನ ಕಲಿತವನು, ಅವನ ಕಾಲಿನ ಚುರುಕು ನನಗೂ ಬರುವುದಿಲ್ಲ. ಆದರೆ ಹುಮ್ಮಸ್ಸು ಬಂದರೆ ಧೀಂಗಿಣ ಹಾಕಿಬಿಡುತ್ತಾನೆ. ಗಿರ್ರನೆ ತಿರುಗುವಾಗ ಎದುರಾಳಿಗೆ ಬೆನ್ನು ತೋರಿಸಿದರೆ ಬಾಕ್ಸಿಂಗ್‌ನಲ್ಲಿ ಫೌಲು. ರಂಗಸ್ಥಳದಲ್ಲಿ ಚಪ್ಪಾಳೆ, ಇಲ್ಲಿ ಎಚ್ಚರಿಕೆ. ಎರಡು ವರ್ಷವಾದರೂ ಅವನಿಗೆ ಅದು ಅನ್ಯಾಯ ಅನ್ನಿಸುತ್ತದೆ.

ಮದುವೆ ಊಟದಲ್ಲಿ ಇಷ್ಟೆಲ್ಲ ಹೇಳಲು ಆಗಲಿಲ್ಲ. "ಆರು ಸಾವಿರ ಉಳೀತದೆ, ಮಳೆಗಾಲದಲ್ಲಿ ಅದೂ ಇಲ್ಲ" ಅಂದೆ. ಅವರು ಮಜ್ಜಿಗೆ ಕುಡಿದು ಕೈ ತೊಳೆಯಲು ಎದ್ದರು. "ಮತ್ತೆ ಯಾಕೆ ಮಾಡ್ತೀರಿ" ಅಂತ ಕೇಳುತ್ತಾರೇನೋ ಅಂತ ಕಾದೆ. ಕೇಳಲಿಲ್ಲ. "ಬೆಳಗ್ಗಿನದ್ದು ಎಷ್ಟು ಗಂಟೆಗೆ? ನಮ್ಮವಳಿಗೆ ಸೊಂಟನೋವು" ಅಂದರು.

ಜೂನ್ ಬರುವುದರೊಳಗೆ ಒಂದು ಸಹಾಯ ಬೇಕು. ಒದ್ದೆ ಗ್ಲೌಸಿನ ಒಳಗೆ ತುರುಕಿಡಲು ಹಳೆ ಪೇಪರಿನಷ್ಟು ಒಳ್ಳೆಯದು ಬೇರಿಲ್ಲ, ರಾತ್ರಿ ಬೆಳಗಾಗುವುದರಲ್ಲಿ ನೀರು ಹೀರಿಬಿಡುತ್ತದೆ. ಮನೆಯಲ್ಲಿ ರಾಶಿ ಇದ್ದರೆ ಮಾರಬೇಡಿ, ಕೊಟ್ಟು ಹೋಗಿ. ಕನ್ನಡದ್ದಾದರೂ ಆದೀತು, ಮಲಯಾಳದ್ದಾದರೂ ಆದೀತು.