ಮೊಳೆಗೆ ತಾಮ್ರ ಹತ್ತಿದ ದಿನ

ಹೊಸದುರ್ಗದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನ ಮೊದಲ ಪಾಠದಲ್ಲೇ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ 20 ನಿಮಿಷ ಇಡುವ ಚಟುವಟಿಕೆ ಇದೆ. ಲ್ಯಾಬಿನ ಬೀರು ತೆಗೆದರೆ ಬಾಟಲಿ ಖಾಲಿ. ಗೊಬ್ಬರದ ಅಂಗಡಿಯಿಂದ ಕಾಲು ಕೆಜಿ ಮೈಲುತುತ್ತ ತಂದೆ. ಎರಡೂ ಒಂದೇ ಅಲ್ವಾ.

ಬೋರ್‌ವೆಲ್ ನೀರಿಗೆ ಹಾಕಿದ ಕೂಡಲೇ ದ್ರಾವಣ ಕದಡಿತು. ನಮ್ಮ ಕಡೆ ನೀರು ಗಡಸು, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ಎಲ್ಲರಿಗೂ ಗೊತ್ತು. ಫಿಲ್ಟರ್ ನೀರು ತರಿಸಿ ಮತ್ತೆ ಮಾಡಿದೆ. ಈ ಸಲ ತಿಳಿ ನೀಲಿ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ ಮೊಳೆ ಇಳಿಬಿಟ್ಟು ಕಾದೆವು. ಹೊರಗೆ ತೆಗೆದಾಗ ಅದರ ಮೈಯೆಲ್ಲ ಕೆಂಪು ಕಂದು. ಕಬ್ಬಿಣ ನೀರಿಗೆ ಇಳಿದು ತಾಮ್ರವನ್ನು ಆಚೆ ತಳ್ಳಿತ್ತು.

ಸ್ಥಾನಪಲ್ಲಟ ಕ್ರಿಯೆ ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು, ಕ್ಲಾಸಿನಲ್ಲಿ ಬಾಯಿ ಬಿಡುವವಳೇ ಅಲ್ಲ. 'ಮೇಡಂ, ನಮ್ಮ ತಾತ ಔಷಧಿ ಡ್ರಮ್ಮಿಗೆ ಕುಡುಗೋಲು ಅದ್ದಿ ನೋಡ್ತಿದ್ರು. ಕೆಂಪಾದ್ರೆ ಇನ್ನಷ್ಟು ಸುಣ್ಣ ಹಾಕು ಅಂತಿದ್ರು.'

ನನಗೆ ಮೈ ಜುಂ ಅಂದಿತು. ದಾಳಿಂಬೆಗೆ ಹೊಡೆಯುವ ಬೋರ್ಡೋ ದ್ರಾವಣ ಅದು, ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಮಾಡುವ ರೋಗದ ಔಷಧಿ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಬಳಕೆಗೆ ಬಂದದ್ದು, ಈಗ ಈ ಮಕ್ಕಳ ಮನೆಯ ಡ್ರಮ್ಮಿನಲ್ಲಿದೆ. ಸುಣ್ಣ ಸಾಲದಿದ್ದರೆ ತಾಮ್ರ ನೀರಿನಲ್ಲೇ ಉಳಿದು ಎಲೆ ಸುಡುತ್ತದೆ. ಕುಡುಗೋಲು ಅದನ್ನು ಹಿಡಿದುಕೊಡುತ್ತದೆ. ನಾನು ಇಷ್ಟು ವರ್ಷ ಇದೇ ಪಾಠ ಮಾಡಿದ್ದೇನೆ, ಒಂದು ಸಲವೂ ತೋಟದ ಮಾತು ಎತ್ತಿರಲಿಲ್ಲ.

ಮಾರನೇ ದಿನ ಪಾಠ ನಿಲ್ಲಿಸಿ ಅದನ್ನೇ ಮಾಡಿದೆವು. ಅರ್ಧ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಿಗೆ 10 ಗ್ರಾಂ ಸುಣ್ಣ, ಎರಡನ್ನೂ ಒಟ್ಟಿಗೆ ಮೂರನೇ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದರೆ ಆಕಾಶದ ಬಣ್ಣದ ಗಟ್ಟಿ ದ್ರಾವಣ. ಕಬ್ಬಿಣದ ಬಕೆಟ್ ಯಾಕೆ ಬೇಡ ಅನ್ನೋದನ್ನು ಮಕ್ಕಳೇ ಹೇಳಿದರು. ಇನ್ನೊಂದು ಬಕೆಟ್ಟಿಗೆ ಬೇಕಂತಲೇ 1 ಗ್ರಾಂ ಸುಣ್ಣ ಮಾತ್ರ ಹಾಕಿದೆವು. ಮೊದಲನೆಯದರಲ್ಲಿ ಮೊಳೆ ಹೊಳೆಯುತ್ತಲೇ ಇತ್ತು. ಎರಡನೆಯದರಲ್ಲಿ ಕೆಂಪಾಯಿತು. ಮೈಲುತುತ್ತ ವಿಷ, ಹಾಗಾಗಿ ಎಲ್ಲರ ಕೈಗೂ ಗ್ಲೌಸ್ ಹಾಕಿಸಿದ್ದೆ, ಆಮೇಲೆ ಸೋಪಿನಲ್ಲಿ ಕೈ ತೊಳೆಸಿದೆ. ಇದರಲ್ಲಿ ನಾನು ಬಿಟ್ಟುಕೊಡುವುದಿಲ್ಲ.

ಹುಡುಗಿ ಉಜ್ಜಿದ ಮೊಳೆಯೊಂದನ್ನು ಮನೆಗೆ ಒಯ್ದಳು. ಸೋಮವಾರ ಪೇಪರಿನಲ್ಲಿ ಸುತ್ತಿ ತಂದಳು. ಕೆಂಪು.

'ಅಪ್ಪ ತೂಕ ಸರಿಯಾಗೇ ಹಾಕಿದ್ರು ಮೇಡಂ. 200 ಲೀಟರಿಗೆ ಎರಡು ಕೆಜಿ ಅದು, ಎರಡು ಕೆಜಿ ಇದು.'

'ಸುಣ್ಣ ಯಾವಾಗಿಂದು?'

'ಹೋದ ವರ್ಷದ್ದು. ಚೀಲದ ಬಾಯಿ ತೆಗೆದೇ ಇತ್ತು.'

ನಾನು ಏನೂ ಹೇಳಲಿಲ್ಲ. ಅದೇ ಪಾಠದಲ್ಲಿ, ಗೋಡೆಗೆ ಬಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಎರಡು ಮೂರು ದಿನಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವ ಭಾಗ ತೆಗೆದು ಅವಳ ಮುಂದೆ ಇಟ್ಟೆ. ಎರಡು ಸಲ ಓದಿದಳು. ಆಮೇಲೆ ಮೊಳೆಯನ್ನು ಮತ್ತೆ ಪೇಪರಿನಲ್ಲಿ ಸುತ್ತಿಕೊಂಡು, 'ಹೊಸ ಸುಣ್ಣ ತರೋಕೆ ಹೇಳ್ತೀನಿ' ಅಂದಳು.