ಸಮುದ್ರದ ಸ್ಪಂಜಿನಿಂದ ಕ್ಯಾನ್ಸರ್ ಔಷಧಿ: ನಿಜಾನಾ? ಎಲ್ಲಿ ಸಿಗುತ್ತೆ?

"ಅಕ್ಕಾರ, ಸಮುದ್ರದಾಗಿನ ಸ್ಪಂಜಿನಿಂದ ಕ್ಯಾನ್ಸರ್ ಕಮ್ಮಿ ಆಗ್ತದಂತ, ಖರೇನ್ರಿ? ಇಲ್ಲೇ ಗೋವಾದಾಗ ಸಿಗ್ತದೇನು?"

ವಾಸ್ಕೋದಲ್ಲಿ ನಮ್ಮ ಓಣಿಯಲ್ಲಿ ಬಾಗಲಕೋಟೆ, ಗದಗ, ವಿಜಾಪುರದ ಕಡೆಯವರೇ ಜಾಸ್ತಿ. ನಾನು ಕೆಮಿಸ್ಟ್ರಿ ಕಲಿಸುವವಳು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಯಾರ ಮನೆಗಾದರೂ ಈ ಕಾಯಿಲೆ ಬಂದರೆ, ವಾಟ್ಸಾಪಿನಲ್ಲಿ ಬಂದ ಯಾವುದೋ ವಿಡಿಯೋದ ಜೊತೆ ಈ ಪ್ರಶ್ನೆಯೂ ನನ್ನ ಹತ್ತಿರ ಬರುತ್ತದೆ. ಕೆಲವರ ಕೈಯಲ್ಲಿ ಆಗಲೇ ಸ್ಪಂಜಿನದು ಅಂತ ಮಾರುವ ಒಂದು ಪುಡಿಯ ಪ್ಯಾಕೆಟ್ಟೂ ಇರುತ್ತದೆ.

ಸ್ಪಂಜಿನ ಮಾತು ನಿಜ. ಪುಡಿಯ ಮಾತು ಸುಳ್ಳು. ಅಷ್ಟೇ ಅಲ್ಲ, ಸ್ಪಂಜಿನಿಂದ ಹುಟ್ಟಿದ ಔಷಧಿ ನಿಮ್ಮವರಿಗೆ ಆಸ್ಪತ್ರೆಯಲ್ಲಿ ಆಗಲೇ ಸಿಗುತ್ತಿರಬಹುದು.

ರಕ್ತದ ಕ್ಯಾನ್ಸರಿಗೆ, ಅದರಲ್ಲೂ ಎಎಂಎಲ್ ಎಂಬ ಬಗೆಗೆ, ಸೈಟಾರಬಿನ್ ಅಂತ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರ ಮೂಲ ಫ್ಲೋರಿಡಾ ಕರಾವಳಿಯ ಒಂದು ಸ್ಪಂಜು. 1950ರ ಆಸುಪಾಸಿನಲ್ಲಿ ವರ್ನರ್ ಬರ್ಗ್‌ಮನ್ ಮತ್ತು ರಾಬರ್ಟ್ ಫೀನಿ ಎಂಬ ರಸಾಯನ ವಿಜ್ಞಾನಿಗಳಿಗೆ ಅದರಲ್ಲಿ ವಿಚಿತ್ರವಾದ ವಸ್ತುಗಳು ಸಿಕ್ಕವು. ನೋಡಲು ಡಿಎನ್‌ಎ ಕಟ್ಟುವ ತುಣುಕುಗಳಂತೆಯೇ ಇದ್ದವು, ಆದರೆ ಅದರೊಳಗಿನ ಸಕ್ಕರೆ ಬೇರೆಯದು. ಆ ಸುಳಿವು ಹಿಡಿದು 1959ರಲ್ಲಿ ಲ್ಯಾಬಿನಲ್ಲಿ ಸೈಟಾರಬಿನ್ ತಯಾರಿಸಿದರು, 1969ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೇಗ ಬೇಗ ಬೆಳೆಯುವ ಕ್ಯಾನ್ಸರ್ ಕೋಶ ಇದನ್ನು ತನ್ನದೇ ತುಣುಕು ಅಂದುಕೊಂಡು ಡಿಎನ್‌ಎಗೆ ಸೇರಿಸಿಕೊಳ್ಳುತ್ತದೆ. ಗೋಡೆಗೆ ಸೊಟ್ಟ ಇಟ್ಟಿಗೆ ಇಟ್ಟಂತೆ, ಅದರ ಮೇಲೆ ಮುಂದಿನದು ಕೂರುವುದಿಲ್ಲ. ಇನ್ನೊಂದು ವಿಷಯ ಗಮನಿಸಿ. ಇದೇ ಸೈಟಾರಬಿನ್ ಅನ್ನು ಬಾಯಲ್ಲಿ ನುಂಗಿದರೆ ಹೆಚ್ಚಿನ ಪಾಲು ಕರುಳು, ಲಿವರ್‌ಗಳಲ್ಲೇ ಹಾಳಾಗುತ್ತದೆ. ಶುದ್ಧ ಔಷಧಿಯ ಗತಿಯೇ ಹೀಗಿರುವಾಗ ಸ್ಪಂಜಿನ ಪುಡಿ ಏನು ಮಾಡೀತು?

ಸ್ಪಂಜಿನಲ್ಲೇ ಯಾಕೆ ಇಂಥ ವಸ್ತು ಇರುತ್ತೆ ಅಂತ ಮಕ್ಕಳು ಕೇಳುತ್ತಾರೆ. ಅದು ಪ್ರಾಣಿ, ಆದರೆ ಬಂಡೆಗೆ ಅಂಟಿಕೊಂಡೇ ಬದುಕಬೇಕು. ಓಡುವಂತಿಲ್ಲ, ಹಲ್ಲಿಲ್ಲ, ಚಿಪ್ಪಿಲ್ಲ. ಮೀನು ತಿನ್ನದಂತೆ, ಪಕ್ಕದವರು ಮೈಮೇಲೆ ಬೆಳೆಯದಂತೆ ತಡೆಯಲು ಅದಕ್ಕಿರುವ ದೊಡ್ಡ ಆಯುಧ ವಿಷ. ಎಷ್ಟೋ ಸಲ ಆ ವಿಷ ತಯಾರಿಸುವುದು ಸ್ಪಂಜಿನ ಮೈಯೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ.

ಇನ್ನು "ಗೋವಾದಾಗ ಸಿಗ್ತದೇನು" ಅನ್ನುವ ಮಾತು. ನೀರು ಇಳಿದಾಗ ಅಂಜುನಾ ಕಡೆಯ ಬಂಡೆಗಳಲ್ಲಿ ಸ್ಪಂಜು ಕಾಣುತ್ತದೆ, ನಿಜ. ದೋನಾ ಪಾವ್ಲಾದ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಜೀವಿಗಳ ರಸಾಯನಗಳ ಮೇಲೆ ಕೆಲಸವೂ ನಡೆದಿದೆ. ಆದರೆ ಕಿತ್ತು ತಂದು ಅರೆದರೆ ಔಷಧಿ ಆಗುವುದಿಲ್ಲ. ಯಾಕೆ ಅಂತ ಈ ಲೆಕ್ಕ ನೋಡಿ. 1986ರಲ್ಲಿ ಹಿರಾಟಾ ಮತ್ತು ಉಎಮುರಾ ಎಂಬ ಜಪಾನಿ ವಿಜ್ಞಾನಿಗಳು ಅಲ್ಲಿನ ಒಂದು ಕಪ್ಪು ಸ್ಪಂಜಿನಿಂದ ಕ್ಯಾನ್ಸರ್ ಕೋಶ ಕೊಲ್ಲುವ ಹ್ಯಾಲಿಕಾಂಡ್ರಿನ್ ಬಿ ಎಂಬ ವಸ್ತು ತೆಗೆದ ಸುದ್ದಿ ಪ್ರಕಟಿಸಿದರು. 600 ಕಿಲೋ ಸ್ಪಂಜಿನಿಂದ ಸಿಕ್ಕಿದ್ದು 12.5 ಮಿಲಿಗ್ರಾಂ. ಅದರಿಂದ ಬಂದ, ಸ್ತನ ಕ್ಯಾನ್ಸರಿಗೆ ಕೊಡುವ ಔಷಧಿ ಎರಿಬುಲಿನ್. ಇದನ್ನು ಒಬ್ಬ ಹೆಂಗಸಿಗೆ ಒಂದು ಸಲಕ್ಕೆ ಸುಮಾರು 2 ಮಿಲಿಗ್ರಾಂ, 21 ದಿನಕ್ಕೆ ಎರಡು ಸಲ ಕೊಡುತ್ತಾರೆ. ಅದೇ ಅಳತೆಯಲ್ಲಿ ಸ್ಪಂಜಿನಿಂದಲೇ ತೆಗೆಯಬೇಕಿದ್ದರೆ, 600 ಕಿಲೋ ಖಾಲಿ ಮಾಡಿದರೂ ಒಬ್ಬರ ಮೂರು ಸುತ್ತಿಗಷ್ಟೇ ಸಾಕಾಗುತ್ತಿತ್ತು! ಸಮುದ್ರ ಬರಿದಾಗುತ್ತಿತ್ತು, ಅಲ್ವಾ?

ದಾರಿ ತೆರೆದದ್ದು ಹಾರ್ವರ್ಡಿನ ರಸಾಯನ ವಿಜ್ಞಾನಿ ಯೋಶಿಟೊ ಕಿಶಿ. 1992ರಲ್ಲಿ ಅವರ ತಂಡ ಹ್ಯಾಲಿಕಾಂಡ್ರಿನ್ ಬಿಯ ಭಾರೀ ಅಣುವನ್ನು ಲ್ಯಾಬಿನಲ್ಲೇ ಕಟ್ಟಿತು. ಆಮೇಲೆ ಅದರ ಅರ್ಧ ಭಾಗವೇ ಕೆಲಸಕ್ಕೆ ಸಾಕು ಅಂತ ಗೊತ್ತಾಯಿತು. ಆ ಅರ್ಧದ ಮಾದರಿಯಲ್ಲಿ ಐಸಾಯ್ ಕಂಪನಿ ಎರಿಬುಲಿನ್ ಮಾಡಿತು. 60ಕ್ಕೂ ಹೆಚ್ಚು ಹಂತಗಳ ತಯಾರಿ ಅದು, ನನಗೆ ಈಗಲೂ ಅಚ್ಚರಿ. ಬೇರೆ ಕಡೆ ಹರಡಿದ ಸ್ತನ ಕ್ಯಾನ್ಸರಿಗೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಗಲೇ ಹಲವು ಕೀಮೋ ಮುಗಿಸಿದ್ದ 762 ಹೆಂಗಸರ ಮೇಲೆ ಪರೀಕ್ಷೆ ನಡೆದಿತ್ತು. ಬೇರೆ ಚಿಕಿತ್ಸೆ ಪಡೆದವರು ಮಧ್ಯಮ ಲೆಕ್ಕದಲ್ಲಿ 10.6 ತಿಂಗಳು ಬದುಕಿದರೆ, ಎರಿಬುಲಿನ್ ಪಡೆದವರು 13.1 ತಿಂಗಳು (ಮಧ್ಯಮ ಅಂದರೆ ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ). ಎರಡೂವರೆ ತಿಂಗಳು. ಇದನ್ನು ಕೇಳಿ ಮುಖ ಸಣ್ಣ ಮಾಡಿಕೊಳ್ಳುವವರಿದ್ದಾರೆ, ನನಗೂ ಹೇಳಲು ಕಷ್ಟ. ಆದರೂ ಹೇಳುತ್ತೇನೆ, ಯಾಕೆಂದರೆ "ಪೂರ್ತಿ ವಾಸಿ" ಅನ್ನುವ ವಿಡಿಯೋ ಈ ಅಂಕಿಯನ್ನು ಎಂದೂ ತೋರಿಸುವುದಿಲ್ಲ.

ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸತ್ತರೆ ಸುದ್ದಿ ಆಗುತ್ತದೆ. ಮನುಷ್ಯರವರೆಗೆ ಬಂದು ನಿಂತುಹೋದದ್ದು ಸುದ್ದಿ ಆಗುವುದಿಲ್ಲ. ಬಹಾಮಾಸ್ ಸ್ಪಂಜಿನ ಡಿಸ್ಕೋಡರ್ಮೊಲೈಡ್ ಎಂಬ ವಸ್ತುವಿನ ಮೇಲೆ ತುಂಬಾ ಆಸೆ ಇತ್ತು. ಪರೀಕ್ಷೆಗೆಂದೇ ನೊವಾರ್ಟಿಸ್ ಕಂಪನಿ ಕಷ್ಟಪಟ್ಟು 60 ಗ್ರಾಂ ತಯಾರಿಸಿತು. ರೋಗಿಗಳ ಶ್ವಾಸಕೋಶಕ್ಕೆ ಹಾನಿ ಕಂಡಿತು, ಅಲ್ಲಿಗೇ ಕೈಬಿಟ್ಟರು.

ಅದಕ್ಕೇ ಪುಡಿಗೆ ದುಡ್ಡು ಹಾಕಬೇಡಿ. ಆ ದುಡ್ಡು ಸ್ಕ್ಯಾನಿಂಗಿಗೆ, ಮುಂಬೈಗೆ ಹೋಗಿಬರಲು ಬೇಕಾಗುತ್ತದೆ. ಕೀಮೋ ನಡೆಯುವಾಗ ಬಿಳಿ ರಕ್ತಕಣ ಇಳಿದಿರುತ್ತವೆ, ಆಗ ಶುದ್ಧವಲ್ಲದ ಪುಡಿಯಿಂದ ಸೋಂಕು ಬಂದರೆ ಜೀವಕ್ಕೇ ಅಪಾಯ. ಈಗಾಗಲೇ ತಿನ್ನಿಸಿದ್ದರೆ, ಬೈಸಿಕೊಳ್ಳಬೇಕಾಗುತ್ತೆ ಅಂತ ಮುಚ್ಚಿಡಬೇಡಿ. ಪ್ಯಾಕೆಟ್ ಸಮೇತ ಹೋಗಿ ಡಾಕ್ಟರಿಗೆ ತೋರಿಸಿ, ಎಷ್ಟು ದಿನ ತಿಂದರು ಅಂತ ಹೇಳಿ. ಹಿಂದಿ, ಕೊಂಕಣಿ ಬರದಿದ್ದರೆ ಕರೆಯಿರಿ, ನಾನೇ ಜೊತೆಗೆ ಬರುತ್ತೇನೆ.